41 ಸಾವಿರಕ್ಕೆ ಒಂದು ಕ್ಯಾರೆಟ್ ವಜ್ರ: ಉಳಿದ ದುಡ್ಡು ಎಲ್ಲಿ ಹೋಯ್ತು?

(ಬಡಾವಣೆಯ ಗ್ರಂಥಾಲಯವೊಂದರಲ್ಲಿ ಭಾನುವಾರ ಬೆಳಿಗ್ಗೆ ಆಡಿದ ಮಾತಿನ ಬರಹ ರೂಪ)

ಹೋದ ತಿಂಗಳು ನನ್ನ ಅಕ್ಕನ ಮಗ ಮನೆಗೆ ಬಂದ. ಚಪ್ಪಲಿ ಬಿಡೋ ಮೊದಲೇ ಫೋನ್ ಮುಂದೆ ಹಿಡಿದ. "ಮಾಮ, ಇದನ್ನ ನೋಡಿ. ಒಂದು ಕ್ಯಾರೆಟ್, ಡಿ ಕಲರ್, ವಿವಿಎಸ್ ಒನ್. 41 ಸಾವಿರ ಅಷ್ಟೇ. ರಾತ್ರಿ ಹನ್ನೆರಡಕ್ಕೆ ಆಫರ್ ಮುಗಿಯುತ್ತೆ." ಅವನಿಗೆ ನಿಶ್ಚಿತಾರ್ಥ ಹತ್ತಿರ ಬಂದಿತ್ತು. ಉಂಗುರದ ಗಡಿಬಿಡಿಯಲ್ಲಿದ್ದ.

ನಾನು ನಗರ್ತಪೇಟೆಯ ಅಂಗಡಿಯೊಂದರಲ್ಲಿ ಲೂಪ್ ಹಿಡಿದುಕೊಂಡೇ ತಲೆ ನರೆಸಿಕೊಂಡವನು. ಲೂಪ್ ಅಂದ್ರೆ ಇದು, ನೋಡಿ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಪುಟ್ಟ ಮಸೂರ. ಡಿ ಅಂದ್ರೆ ಬಣ್ಣದ ಪಟ್ಟಿಯಲ್ಲಿ ಮೊಟ್ಟಮೊದಲನೆಯದು, ಒಂಚೂರೂ ಹಳದಿ ಇಲ್ಲದ ಕಲ್ಲು. ಅಲ್ಲಿಂದ ಜೆಡ್ ವರೆಗೆ ಇಳಿಯುತ್ತಾ ಹೋಗುತ್ತೆ. ವಿವಿಎಸ್ ಒನ್ ಅಂದ್ರೆ ಈ ಲೂಪಿನಲ್ಲೂ ಕಲೆ ಹುಡುಕೋಕೆ ಪಳಗಿದ ಕಣ್ಣು ಬೇಕು. ಗಣಿಯಿಂದ ಬಂದ ಅಂಥ ಕಲ್ಲು ಒಂದು ಕ್ಯಾರೆಟ್ ಇದ್ದರೆ ಲೆಕ್ಕ ಲಕ್ಷಗಳಲ್ಲಿ. ಹಾಗಿದ್ದ ಮೇಲೆ 41 ಸಾವಿರ ಅಂದ್ರೆ ಏನು?

ನನ್ನ ಇವತ್ತಿನ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತ. ಬೆಲೆ ಜಾಸ್ತಿ ಇಳಿದಿದ್ದರೆ ಅದನ್ನ ರಿಯಾಯಿತಿ ಅಂತ ಓದಬೇಡಿ. ಕಲ್ಲಿನ ಬಗ್ಗೆ ಮಾರುವವನು ದೊಡ್ಡ ಅಕ್ಷರದಲ್ಲಿ ಬರೆಯದ ಸಂಗತಿಯನ್ನ ಆ ಬೆಲೆಯೇ ಹೇಳುತ್ತಿರುತ್ತೆ.

ಯಾಕೆ ಅಷ್ಟು ಧೈರ್ಯವಾಗಿ ಹೇಳ್ತೀನಿ? ವಜ್ರದ ವ್ಯಾಪಾರದಲ್ಲಿ ಬೆಲೆ ಗೊತ್ತಿಲ್ಲದ ವ್ಯಾಪಾರಿ ಇಲ್ಲ. 1978ರಿಂದ ರಾಪಾಪೋರ್ಟ್ ಅನ್ನೋ ಪಟ್ಟಿ ಬರುತ್ತಿದೆ. ಗಾತ್ರ, ಬಣ್ಣ, ಶುದ್ಧತೆ ಸೇರಿಸಿದ ಚೌಕಗಳು. ಒಂದೊಂದು ಚೌಕಕ್ಕೂ ಡಾಲರ್ ಲೆಕ್ಕದ ಒಂದು ಬೆಲೆ. ಮುಂಬೈನಲ್ಲಿ, ಸೂರತ್‌ನಲ್ಲಿ ದಲ್ಲಾಳಿಗಳು "ರಾಪ್ ಮೈನಸ್ ಮೂವತ್ತು", "ಮೈನಸ್ ನಲವತ್ತು" ಅಂತಲೇ ಮಾತಾಡೋದು, ಅಂದ್ರೆ ಆ ಪಟ್ಟಿಯ ಬೆಲೆಗಿಂತ ನೂರಕ್ಕೆ ಅಷ್ಟು ಕಡಿಮೆ ಅಂತ. ಜಗತ್ತಿನ ಹತ್ತು ವಜ್ರಗಳಲ್ಲಿ ಒಂಬತ್ತಕ್ಕೆ ಸೂರತ್‌ನಲ್ಲೇ ಸಾಣೆ ಹಿಡಿಯುತ್ತಾರೆ. ಅಲ್ಲಿ ಕೂತವನಿಗೆ ತನ್ನ ಕಲ್ಲು ನ್ಯೂಯಾರ್ಕ್‌ನಲ್ಲಿ ಎಷ್ಟಕ್ಕೆ ಹೋಗುತ್ತೆ ಅಂತ ಗೊತ್ತು. ಐದು ಲಕ್ಷದ ಕಲ್ಲನ್ನ ನಿಮಗೋಸ್ಕರ ಎರಡು ಲಕ್ಷಕ್ಕೆ ಕೊಡೋಕೆ ಅವನಿಗೆ ನೀವೇನು ಸೋದರಮಾವನೇ?

ಹಿಂದೆ ಹೀಗಿರಲಿಲ್ಲ. 17ನೇ ಶತಮಾನದಲ್ಲಿ ತವೆರ್ನಿಯೆ ಅನ್ನೋ ಫ್ರೆಂಚ್ ವ್ಯಾಪಾರಿ ಈ ಕಡೆಯ ಗಣಿಗಳಿಗೆ ಬಂದಿದ್ದ. ಅವನು ಮೊದಲು ನೋಡಿದ ಗಣಿ ಬಿಜಾಪುರದ ಸುಲ್ತಾನರ ಆಳ್ವಿಕೆಗೆ ಸೇರಿತ್ತು. ಅಲ್ಲಿ ವ್ಯಾಪಾರ ಕುದುರಿಸುತ್ತಿದ್ದ ರೀತಿಯನ್ನ ಬರೆದಿಟ್ಟಿದ್ದಾನೆ. ಇಬ್ಬರೂ ಎದುರುಬದುರು ಕೂರೋದು. ಕೈ ಮೇಲೆ ಬಟ್ಟೆ. ಬಾಯಲ್ಲಿ ಒಂದು ಮಾತಿಲ್ಲ. ಬಟ್ಟೆ ಕೆಳಗೆ ಇಡೀ ಕೈ ಹಿಡಿದರೆ ಸಾವಿರ, ಒಂದು ಬೆರಳು ಹಿಡಿದರೆ ನೂರು. ಪಕ್ಕದಲ್ಲಿ ನಿಂತವನಿಗೂ ಬೆಲೆ ತಿಳಿಯುತ್ತಿರಲಿಲ್ಲ. ಈಗ ಆ ಬಟ್ಟೆ ಸರಿದಿದೆ. ಒಳ್ಳೆ ವೆಬ್‌ಸೈಟುಗಳು ಅಂಗಡಿ ಬಾಡಿಗೆ ಇಲ್ಲದೆ, ಕಪಾಟಿನಲ್ಲಿ ಮಾಲು ಇಟ್ಟುಕೊಳ್ಳದೆ, ವ್ಯಾಪಾರಿಯ ಪಟ್ಟಿಯನ್ನೇ ನಿಮಗೆ ತೋರಿಸುತ್ತವೆ. ಅದಕ್ಕೇ ಅಲ್ಲಿ ಒಂದಿಷ್ಟು ಅಗ್ಗ. ನನ್ನ ಅನುಭವದಲ್ಲಿ ನೂರಕ್ಕೆ ಹತ್ತೋ ಹದಿನೈದೋ ಕಡಿಮೆ ಇದ್ದರೆ ಅದು ನ್ಯಾಯವಾದ ಅಗ್ಗ. ಅರ್ಧಕ್ಕರ್ಧ ಇಳಿದಿದ್ದರೆ ಅದು ಬೇರೆ ಪದಾರ್ಥ.

ನಮ್ಮ ಹುಡುಗನ ಫೋನ್ ಇಸ್ಕೊಂಡು ಪುಟವನ್ನ ಕೆಳಗೆ ಎಳೆದೆ. ಇನ್ನೂ ಎಳೆದೆ. ಚಿನ್ನದ ತೂಕ, ಡಬ್ಬಿಯ ಬಣ್ಣ, ಎಷ್ಟು ದಿನದಲ್ಲಿ ತಲುಪುತ್ತೆ, ಎಲ್ಲಾ ಆದ ಮೇಲೆ ಬೂದು ಅಕ್ಷರದಲ್ಲಿ ಮೂರಕ್ಷರ: ಸಿವಿಡಿ. ಅಲ್ಲಿಗೆ ಮುಗೀತು. ಅದು ಲ್ಯಾಬ್‌ನಲ್ಲಿ ಬೆಳೆಸಿದ ವಜ್ರ. ತೆಳುವಾದ ವಜ್ರದ ಬಿಲ್ಲೆಯೊಂದನ್ನ ಬೀಜದ ಹಾಗೆ ಇಟ್ಟು, ಮೀಥೇನ್ ಮತ್ತು ಹೈಡ್ರೋಜನ್ ಅನಿಲ ಬಿಟ್ಟು ಕಾಯಿಸಿದರೆ ಅದರ ಮೇಲೆ ಇಂಗಾಲ ಪದರಪದರವಾಗಿ ಕೂರುತ್ತೆ. ಕೆಲವೇ ವಾರದಲ್ಲಿ ಬೆಳೆ ಕೈಗೆ. ಎಚ್‌ಪಿಎಚ್‌ಟಿ ಅಂತ ಇನ್ನೊಂದು ವಿಧಾನ ಇದೆ, ಭಾರೀ ಒತ್ತಡ ಮತ್ತು ಶಾಖದ್ದು. ಅದು 1954ರಷ್ಟು ಹಳೆಯದು.

ಇದನ್ನ ನಕಲಿ ಅಂದರೆ ನಾನು ಒಪ್ಪಲ್ಲ. ಅದೂ ಇಂಗಾಲ, ಅಷ್ಟೇ ಗಟ್ಟಿ, ಅದೇ ಹೊಳಪು. ಆದರೆ ಬೆಲೆ? 2023ರ ಜೂನ್‌ನಲ್ಲಿ ನಮ್ಮ ಪ್ರಧಾನಿ ಅಮೆರಿಕಕ್ಕೆ ಹೋದಾಗ ಜಿಲ್ ಬೈಡನ್ ಅವರಿಗೆ 7.5 ಕ್ಯಾರೆಟ್‌ನ ಲ್ಯಾಬ್ ವಜ್ರ ಕೊಟ್ಟರು, ನೆನಪಿದೆಯಾ? ಅಲ್ಲಿನ ಸರ್ಕಾರ ಉಡುಗೊರೆಗಳ ಪಟ್ಟಿಯಲ್ಲಿ ಅದಕ್ಕೆ ಹಾಕಿದ ಬೆಲೆ 20 ಸಾವಿರ ಡಾಲರ್. ಅದೇ ಗಾತ್ರದ, ಒಳ್ಳೆ ಬಣ್ಣದ ಗಣಿ ವಜ್ರವಾಗಿದ್ದರೆ ಲಕ್ಷಗಟ್ಟಲೆ ಡಾಲರ್ ಆಗುತ್ತಿತ್ತು. ಆಮೇಲೆ ಲ್ಯಾಬ್ ವಜ್ರ ಇನ್ನೂ ಇಳಿಯಿತು. ಯಂತ್ರ ಜಾಸ್ತಿಯಾದ ಹಾಗೆ ಇಳಿಯುತ್ತಲೇ ಇರುತ್ತೆ, ಟೊಮೆಟೊ ಬೆಳೆ ಜಾಸ್ತಿಯಾದಾಗ ಕೋಲಾರದಲ್ಲಿ ಆಗೋ ಹಾಗೆ.

ಹಾಗಾಗಿ ಜಾಹೀರಾತಿನಲ್ಲಿ ಯಾವ ಪದ ಇದೆ ಅನ್ನೋದಕ್ಕಿಂತ ಯಾವ ಪದ ಇಲ್ಲ ಅಂತ ನೋಡಿ. "ರಿಯಲ್ ಡೈಮಂಡ್" ಅಂದ್ರೆ ಲ್ಯಾಬ್‌ನದೂ ರಿಯಲ್ಲೇ. "ಸರ್ಟಿಫೈಡ್" ಅಂದ್ರೆ ಯಾರೋ ಏನೋ ಬರೆದುಕೊಟ್ಟಿದ್ದಾರೆ. "ಸಾಲಿಟೇರ್" ಅಂದ್ರೆ ಒಂಟಿ ಕಲ್ಲು, ಅಷ್ಟೇ. "ನ್ಯಾಚುರಲ್" ಅನ್ನೋ ಪದ ಇದೆಯಾ? ಇಲ್ಲದಿದ್ದರೆ ಇಲ್ಲ ಅಂತಲೇ ತಿಳಿಯಿರಿ. "ಅಮೆರಿಕನ್ ಡೈಮಂಡ್" ಅನ್ನೋದಂತೂ ವಜ್ರವೂ ಅಲ್ಲ, ಅಮೆರಿಕದ್ದೂ ಅಲ್ಲ. ಅದು ಜಿರ್ಕೋನಿಯಾ, ವಜ್ರಕ್ಕಿಂತ ಒಂದೂವರೆ ಪಟ್ಟಿಗೂ ಜಾಸ್ತಿ ಭಾರ.

ಕ್ಯಾರೆಟ್ ಪದದ ಗೊಂದಲ ಒಂದಿದೆ, ಕನ್ನಡದಲ್ಲಿ ಅದು ಇನ್ನೂ ಜಾಸ್ತಿ. ಇಂಗ್ಲಿಷಿನಲ್ಲಿ ಸ್ಪೆಲಿಂಗ್ ಆದರೂ ಬೇರೆ ಮಾಡುತ್ತಾರೆ. ನಮಗೆ ಚಿನ್ನದ್ದೂ ಕ್ಯಾರೆಟ್, ವಜ್ರದ್ದೂ ಕ್ಯಾರೆಟ್. ಒಬ್ಬರು ಹಿರಿಯರು ನನ್ನ ಹತ್ತಿರ ಬಂದು, "18 ಕ್ಯಾರೆಟ್ ವಜ್ರದ ಉಂಗುರ 60 ಸಾವಿರಕ್ಕೆ ಸಿಕ್ಕಿತು" ಅಂತ ಖುಷಿಯಲ್ಲಿ ತೋರಿಸಿದರು. 18 ಅನ್ನೋದು ಚಿನ್ನದ ಲೆಕ್ಕ, ಅಂದ್ರೆ ನೂರಕ್ಕೆ ಎಪ್ಪತ್ತೈದು ಭಾಗ ಚಿನ್ನ. ವಜ್ರದ ಕ್ಯಾರೆಟ್ ತೂಕದ ಲೆಕ್ಕ, ಒಂದು ಗ್ರಾಮಿನ ಐದನೇ ಒಂದು ಭಾಗ. 18 ಕ್ಯಾರೆಟ್‌ನ ಒಂಟಿ ವಜ್ರ ಇದ್ದರೆ ಅವರು ಆಟೋದಲ್ಲಿ ಬರ್ತಿರಲಿಲ್ಲ!

ಒಟ್ಟು ತೂಕ ಅನ್ನೋದು ಇನ್ನೊಂದು ಕಣ್ಕಟ್ಟು. ಒಂದು ಕ್ಯಾರೆಟ್‌ನ ನೂರನೇ ಒಂದು ಭಾಗಕ್ಕೆ ಸೆಂಟು ಅಂತಾರೆ. ಐದು ಸೆಂಟಿನ ಇಪ್ಪತ್ತು ಕಲ್ಲು ಸೇರಿದರೂ ಒಂದು ಕ್ಯಾರೆಟ್, ಒಂದೇ ಕಲ್ಲು ಇದ್ದರೂ ಒಂದು ಕ್ಯಾರೆಟ್. ಬೆಲೆಯಲ್ಲಿ ಮಾತ್ರ ಆಕಾಶ ಭೂಮಿ. ವಜ್ರದಲ್ಲಿ ತೂಕ ಎರಡರಷ್ಟಾದರೆ ಬೆಲೆ ಎರಡರಷ್ಟಾಗಲ್ಲ, ಅದಕ್ಕೂ ಮೇಲೆ ಹೋಗುತ್ತೆ. ಆ ತವೆರ್ನಿಯೆ ಕಾಲದಲ್ಲೇ ತೂಕವನ್ನ ತೂಕದಿಂದಲೇ ಗುಣಿಸಿ ಬೆಲೆ ಕಟ್ಟುತ್ತಿದ್ದರು.

ಈಗ ಸರ್ಟಿಫಿಕೇಟ್ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಯಾಕಂದ್ರೆ ಜನ ಸೋಲೋದು ಇಲ್ಲೇ.

ಇಲ್ಲಿ ಲ್ಯಾಬ್ ಅಂದ್ರೆ ವಜ್ರ ಬೆಳೆಸೋದಲ್ಲ, ಕಲ್ಲು ಪರೀಕ್ಷೆ ಮಾಡಿ ದರ್ಜೆ ಬರೆದುಕೊಡೋದು. ಎಲ್ಲಾ ಲ್ಯಾಬ್‌ಗಳೂ ಒಂದೇ ತಕ್ಕಡಿ ಇಟ್ಟುಕೊಂಡಿಲ್ಲ. ಒಂದು ಲ್ಯಾಬ್ ಜಿ ಅಂದ ಕಲ್ಲನ್ನ ಇನ್ನೊಂದು ಇ ಅನ್ನಬಹುದು. ಇಜಿಎಲ್ ಹೆಸರಿನ ವರದಿಗಳು ಒಂದು ಕಾಲಕ್ಕೆ ಎಲ್ಲೆಲ್ಲೂ ಇದ್ದವು. ದರ್ಜೆಯನ್ನ ಉಬ್ಬಿಸಿ ಬರೆಯುತ್ತಾರೆ ಅಂತ ಗಲಾಟೆಯಾಗಿ, 2014ರ ಅಕ್ಟೋಬರ್‌ನಲ್ಲಿ ರಾಪಾಪೋರ್ಟ್ ತನ್ನ ವ್ಯಾಪಾರ ಜಾಲದಿಂದ ಆ ವರದಿಗಳನ್ನೇ ತೆಗೆದುಹಾಕಿತು. ಕಾಗದದಲ್ಲಿ ಇ ಅಂತ ಇತ್ತು, ಬೆಲೆ ಮಾತ್ರ ಎಚ್‌ನದ್ದು. ಕೊಳ್ಳುವವನಿಗೆ ಲಾಭ ಆಯ್ತು ಅನಿಸುತ್ತಿತ್ತು. ಕಾಗದಕ್ಕಿಂತ ಬೆಲೆಯೇ ಸತ್ಯ ಹೇಳ್ತಿತ್ತು. ಆ ಹಳೆ ಕಾಗದಗಳು ಇವತ್ತೂ ಕೈಯಿಂದ ಕೈಗೆ ಓಡಾಡುತ್ತಿವೆ.

ಜಿಐಎ, ಐಜಿಐ ಅನ್ನೋ ಲ್ಯಾಬ್‌ಗಳ ವರದಿ ಆದರೆ ಒಂದು ಸಂಖ್ಯೆ ಇರುತ್ತೆ. ಮಾರುವವನು ಕಳಿಸಿದ ಲಿಂಕ್ ಒತ್ತಬೇಡಿ. ನೀವೇ ಆ ಲ್ಯಾಬ್‌ನ ವೆಬ್‌ಸೈಟಿಗೆ ಹೋಗಿ ಸಂಖ್ಯೆ ಹಾಕಿ. ಐಜಿಐ ಲ್ಯಾಬ್ ವಜ್ರಗಳ ಸಂಖ್ಯೆ ಎಲ್‌ಜಿ ಅಂತ ಶುರುವಾಗುತ್ತೆ. ಫೋಟೋದಲ್ಲಿ ಆ ಎರಡಕ್ಷರದ ಮೇಲೆ ಹೆಬ್ಬೆರಳು ಇಟ್ಟು ಕಳಿಸಿದವರನ್ನೂ ನೋಡಿದ್ದೀನಿ.

ಈಗ ಎಲ್ಲರೂ ಫೋನ್ ತೆಗೀರಿ. ಕ್ಯಾಲ್ಕುಲೇಟರ್. ವರದಿಯಲ್ಲಿ ಅಳತೆ ಅಂತ ಒಂದು ಸಾಲು ಇರುತ್ತೆ. ಉದಾಹರಣೆಗೆ ಒಂದು ದುಂಡು ಕಲ್ಲು: ಅಗಲ 6.43 ಮಿಲಿಮೀಟರ್, ಎತ್ತರ 3.98. ಅಗಲವನ್ನ ಅಗಲದಿಂದ ಗುಣಿಸಿ. ಬಂದದ್ದನ್ನ ಎತ್ತರದಿಂದ ಗುಣಿಸಿ. ಅದನ್ನ 0.0061ರಿಂದ ಗುಣಿಸಿ. ಎಷ್ಟು ಬಂತು? ಹೌದು, 1.00. ದುಂಡು ವಜ್ರದ ತೂಕ ಹೆಚ್ಚುಕಡಿಮೆ ಇಷ್ಟೇ ಇರಬೇಕು. ಈಗ ಇನ್ನೊಂದು. ನನಗೆ ವಾಟ್ಸಾಪ್‌ನಲ್ಲಿ ಒಬ್ಬರು ಕಳಿಸಿದ ವರದಿಯ ಫೋಟೋ. ತೂಕ 1.00 ಅಂತ ಇದೆ. ಅಗಲ 6.05, ಎತ್ತರ 3.60. ಲೆಕ್ಕ ಹಾಕಿ. 0.80 ಬಂತಲ್ವಾ? ತೂಕದ ಅಂಕಿ ತಿದ್ದಿದವನು ಅಳತೆ ತಿದ್ದೋದನ್ನ ಮರೆತಿದ್ದ. ಲೂಪು ಬೇಡ, ಯಂತ್ರ ಬೇಡ, ಮನೆಯಲ್ಲಿ ಕೂತೇ ಕಳ್ಳ ಸಿಕ್ಕಿಬಿದ್ದ.

ಈ ಲೆಕ್ಕದಿಂದ ಇನ್ನೊಂದು ವಿಷಯ ತಿಳಿಯುತ್ತೆ. ಒಂದು ಕ್ಯಾರೆಟ್ ಅಂತ ಕೊಂಡ ಕಲ್ಲಿನ ಅಗಲ 6.2 ಅಂತ ಇಟ್ಟುಕೊಳ್ಳಿ. ಚೆನ್ನಾಗಿ ಕತ್ತರಿಸಿದ 90 ಸೆಂಟಿನ ಕಲ್ಲು ಮೇಲಿನಿಂದ ಅಷ್ಟೇ ಅಗಲ ಕಾಣುತ್ತೆ. ಹಾಗಾದರೆ ಉಳಿದ 10 ಸೆಂಟು ಎಲ್ಲಿ? ಹೊಟ್ಟೆಯಲ್ಲಿ. ಕತ್ತರಿಸುವವನು ಒಂದು ಕ್ಯಾರೆಟ್ ಅನ್ನೋ ಗೆರೆ ದಾಟಿಸೋಕೆ ಕೆಳಗೆ ದಪ್ಪ ಬಿಟ್ಟಿದ್ದಾನೆ. ಬೆಳಕು ಮೇಲೆ ವಾಪಸ್ ಬರದೆ ತಳದಲ್ಲೇ ಸೋರಿಹೋಗುತ್ತೆ. ನಡುವೆ ಮಂಕು. ಹಿಂದೆ ಹಂಪಿ ಬಜಾರಿನಲ್ಲಿ ಮುತ್ತು ರತ್ನ ಸೇರಿನಲ್ಲಿ ಅಳೆದು ಮಾರುತ್ತಿದ್ದರು ಅಂತ ನಾವು ಹೆಮ್ಮೆಯಿಂದ ಹೇಳ್ತೀವಲ್ಲ, ಹಾಗೆ ಬರೀ ತೂಕ ನೋಡಿ ಕೊಳ್ಳುವವರಿಗೆ ಇಂಥ ಕಲ್ಲು ಮೀಸಲು.

ಇಷ್ಟೆಲ್ಲ ಸರಿ ಇದ್ದೂ ಬೆಲೆ ಕಡಿಮೆ ಇದ್ದರೆ? ವ್ಯಾಪಾರಿಗಳು ತಮ್ಮೊಳಗೆ ಕೇಳೋ ಒಂದು ಪ್ರಶ್ನೆ ಇದೆ: "ಬಿಜಿಎಂ ಇದೆಯಾ?" ಬ್ರೌನ್, ಗ್ರೀನ್, ಮಿಲ್ಕಿ. ಕಲ್ಲಿನಲ್ಲಿ ಕಂದು ಛಾಯೆ, ಹಸಿರು ಛಾಯೆ, ಇಲ್ಲ ಹಾಲು ಬೆರೆತ ಹಾಗೆ ಮಸುಕು. ಮಸುಕು ಇದೆ ಅಂತ ವರದಿ ನೇರವಾಗಿ ಹೇಳಲ್ಲ. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ "ಮೋಡಗಳನ್ನು ಚಿತ್ರದಲ್ಲಿ ತೋರಿಸಿಲ್ಲ" ಅನ್ನೋ ಅರ್ಥದ ಸಾಲು ಇದ್ದರೆ ಅದು ಸುಳಿವು, ಅಷ್ಟೇ. ಮೋಡ ಅಂದ್ರೆ ಕಲ್ಲಿನೊಳಗಿನ ಪುಟ್ಟಪುಟ್ಟ ಚುಕ್ಕೆಗಳ ಗುಂಪು. ನೀವೂ ಮಾರುವವನಿಗೆ ಇದೇ ಮಾತಿನಲ್ಲಿ ಕೇಳಿ, "ಬಿಜಿಎಂ ಇದೆಯಾ, ಇಲ್ಲ ಅಂತ ಬರೆದು ಕಳಿಸ್ತೀರಾ?" ಅಂತ. ಎದುರಿಗಿರೋನು ಹುಷಾರಾಗ್ತಾನೆ.

ವರದಿಯಲ್ಲಿ ಫ್ಲೋರೊಸೆನ್ಸ್ ಅಂತ ಇನ್ನೊಂದು ಸಾಲು. ನೇರಳಾತೀತ ಬೆಳಕಿನಲ್ಲಿ ಕಲ್ಲು ನೀಲಿಯಾಗಿ ಹೊಳೆಯುತ್ತಾ ಅನ್ನೋದು. ಇಲ್ಲಿ ಒಂದು ಕಥೆ ಹೇಳಲೇಬೇಕು. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಅಜ್ಜಿಯ ಏಳು ಕಲ್ಲಿನ ಬೆಂಡೋಲೆ ಇದೆಯಾ? "ಬ್ಲೂ ಜಾಗರ್" ಅಂತ ಅಜ್ಜಿ ಹೇಳ್ತಿದ್ದರಾ? ನೋಡಿ, ಎಷ್ಟು ಕೈ ಮೇಲೆದ್ದವು! ಅದು ದಕ್ಷಿಣ ಆಫ್ರಿಕಾದ ಯಾಗರ್ಸ್‌ಫಾಂಟೇನ್ ಗಣಿಯ ಹೆಸರು, ನಮ್ಮವರ ಬಾಯಲ್ಲಿ ಹೀಗಾಗಿದೆ. ಗಣಿ 1971ರಲ್ಲೇ ಮುಚ್ಚಿತು, ಹೆಸರು ಮಾತ್ರ ಮೈಸೂರಿಂದ ಮದ್ರಾಸಿನ ತನಕ ಇನ್ನೂ ಬದುಕಿದೆ. ದೇವಸ್ಥಾನದ ಅಂಗಳದ ಬಿಸಿಲಿಗೆ ಬಂದರೆ ಓಲೆ ನೀಲಿ ಕಾರುತ್ತಿತ್ತು. ಅದಕ್ಕೆ ಜಾಸ್ತಿ ದುಡ್ಡು ಕೊಟ್ಟು ಕೊಳ್ಳುತ್ತಿದ್ದರು. ಅದೇ ನೀಲಿಗೆ ಇವತ್ತಿನ ಪಟ್ಟಿಯಲ್ಲಿ ಬೆಲೆ ಕಟ್! ಡಿ, ಇ, ಎಫ್ ಬಣ್ಣದ ಕಲ್ಲಿಗೆ "ಸ್ಟ್ರಾಂಗ್ ಬ್ಲೂ" ಅಂತ ಬರೆದಿದ್ದರೆ ವ್ಯಾಪಾರಿ ಮೂಗು ಮುರೀತಾನೆ, ಕೆಲವು ಕಲ್ಲು ಬಿಸಿಲಲ್ಲಿ ಮಸುಕಾಗುತ್ತವೆ ಅಂತ. ಆದರೆ ಎಲ್ಲವೂ ಆಗಲ್ಲ. ಅದರಲ್ಲೂ ಐ, ಜೆ ಬಣ್ಣದ, ಸ್ವಲ್ಪ ಹಳದಿ ಇರುವ ಕಲ್ಲಿಗೆ ಈ ನೀಲಿ ಸೇರಿದರೆ ಇನ್ನಷ್ಟು ಬೆಳ್ಳಗೆ ಕಾಣುತ್ತೆ. ನನ್ನ ಕೇಳಿದರೆ, ಕಡಿಮೆ ಬೆಲೆಗೆ ಇದೊಂದೇ ಕಾರಣವಾಗಿದ್ದು, ವಿಡಿಯೋದಲ್ಲಿ ಕಲ್ಲು ತಿಳಿಯಾಗಿ ಕಂಡರೆ, ಧಾರಾಳವಾಗಿ ಕೊಳ್ಳಿ. ನನ್ನ ಹೆಂಡತಿಯ ಮೂಗುಬಟ್ಟು ಅಂಥದ್ದೇ.

ನಾನೂ ಮೋಸ ಹೋಗಿದ್ದೀನಿ. ಕೆಲಸಕ್ಕೆ ಸೇರಿ ಮೂರನೇ ವರ್ಷ. ದಲ್ಲಾಳಿಯೊಬ್ಬರು 70 ಸೆಂಟಿನ ಕಲ್ಲು ತಂದರು. ನಮ್ಮಲ್ಲಿ ನಡೆಯುತ್ತಿದ್ದ ಬೆಲೆಗಿಂತ ಬಹಳ ಕಡಿಮೆ. ಲೂಪ್‌ನಲ್ಲಿ ನೋಡಿದೆ, ಚೆನ್ನಾಗೇ ಇತ್ತು. ಸ್ವಂತ ದುಡ್ಡು ಹಾಕಿ ಕೊಂಡು, ಉಂಗುರ ಮಾಡಿಸಿ ಮಾರಿದೆ. ಆರು ತಿಂಗಳಿಗೆ ಉಂಗುರ ವಾಪಸ್ ಬಂತು, ಕಲ್ಲು ಹಿಡಿಯುವ ಒಂದು ಮುಳ್ಳು ಸವೆದಿತ್ತು. ಆಚಾರಿ ಹತ್ತಿರ ಕೂತೆ. ಅವನು ಊದುಬೆಂಕಿ ಹಿಡಿದ. ನನ್ನ ಕಣ್ಣೆದುರೇ ಕಲ್ಲಿನೊಳಗೆ ಒಂದು ಬಿಳಿ ಗೆರೆ ಎದ್ದಿತು, ಕಣ್ಣಿಗೆ ಪೊರೆ ಬಂದ ಹಾಗೆ ಹರಡಿತು. ನಾನು ಆಚಾರಿಗೆ ಬೈದೆ. ಅವನದೇನೂ ತಪ್ಪಿರಲಿಲ್ಲ ಅಂತ ಆಮೇಲೆ ತಿಳೀತು. ವಜ್ರದ ಬಿರುಕಿಗೆ ಗಾಜಿನಂಥ ಪದಾರ್ಥ ತುಂಬಿದ್ದರು. 1980ರ ದಶಕದಲ್ಲಿ ಇಸ್ರೇಲ್‌ನಲ್ಲಿ ಶುರುವಾದ ವಿದ್ಯೆ ಇದು. ಬೆಂಕಿ ತಾಗಿದರೆ ಒಳಗಿನ ತುಂಬು ಹಾಳಾಗುತ್ತೆ. ಕಲ್ಲನ್ನ ಸುಮ್ನೆ ಒಂದೇ ಕಡೆಯಿಂದ ನೋಡದೆ ನಿಧಾನವಾಗಿ ಓರೆ ಮಾಡಿದ್ದರೆ ಬಿರುಕಿನಲ್ಲಿ ನೇರಳೆ, ಹಸಿರು ಮಿಂಚು ಹಾದುಹೋಗೋದು ಕಾಣುತ್ತಿತ್ತು. ಸೋಪಿನ ನೊರೆ ಮೇಲೆ ಬಣ್ಣ ಓಡೋ ಹಾಗೆ. ಇಂಥ ಕಲ್ಲಿಗೆ ಜಿಐಎ ದರ್ಜೆ ಕೊಡೋದೇ ಇಲ್ಲ. ಆನ್‌ಲೈನ್‌ನಲ್ಲಿ ಇದಕ್ಕೆ "ಕ್ಲಾರಿಟಿ ಎನ್‌ಹಾನ್ಸ್ಡ್" ಅಂತ ಚಂದದ ಹೆಸರು.

ಮುಂದಿನ ಸಾಲಿನ ಮೇಡಂ ಕೇಳ್ತಿದ್ದಾರೆ, ಆನ್‌ಲೈನ್‌ನಲ್ಲೇ ಡೈಮಂಡ್ ಟೆಸ್ಟರ್ ಸಿಗುತ್ತಲ್ಲ, ಅದನ್ನ ತಗೊಂಡ್ರೆ ಸಾಲದಾ ಅಂತ. ಸಾಲಲ್ಲ. ಅಗ್ಗದ ಪೆನ್ನಿನಂಥ ಟೆಸ್ಟರ್ ನೋಡೋದು ಶಾಖ ಎಷ್ಟು ಬೇಗ ಹರಿಯುತ್ತೆ ಅನ್ನೋದನ್ನ ಮಾತ್ರ. ಲ್ಯಾಬ್ ವಜ್ರಕ್ಕೂ ಅದು ಬೀಪ್ ಅನ್ನುತ್ತೆ, ಅದೂ ವಜ್ರವೇ ಅಲ್ವಾ. ಮೋಯ್ಸನೈಟ್‌ಗೂ ಬೀಪ್ ಅನ್ನುತ್ತೆ. ಅದು ವಜ್ರದ ಹಾಗೆ ಕಾಣೋ ಬೇರೆ ಕಲ್ಲು, ಸಿಲಿಕಾನ್ ಕಾರ್ಬೈಡ್. ಅದನ್ನ ಹಿಡಿಯೋಕೆ ಲೂಪೇ ವಾಸಿ. ಕಲ್ಲನ್ನ ಸ್ವಲ್ಪ ಓರೆ ಮಾಡಿ, ಮೇಲಿನಿಂದ ಒಳಗಿನ ಅಂಚುಗಳನ್ನ ನೋಡಿ. ವಜ್ರದಲ್ಲಿ ಒಂದು ಗೆರೆ ಒಂದೇ. ಮೋಯ್ಸನೈಟ್‌ನಲ್ಲಿ ಎರಡೆರಡು, ಕನ್ನಡಕ ಇಲ್ಲದೆ ಪೇಪರ್ ಓದಿದ ಹಾಗೆ. ಗಣಿಯದೋ ಲ್ಯಾಬ್‌ನದೋ ಅಂತ ತಿಳಿಯೋಕೆ ಮಾತ್ರ ಲೂಪ್ ಸಾಲದು. ನನ್ನಿಂದಲೂ ಆಗಲ್ಲ. ಅದಕ್ಕೆ ದೊಡ್ಡ ಯಂತ್ರವೇ ಬೇಕು. ಸುತ್ತಿಗೆಯಿಂದ ಹೊಡೆದು ನೋಡೋದಂತೂ ಬೇಡವೇ ಬೇಡ. ವಜ್ರ ಗಟ್ಟಿ ನಿಜ, ಆದರೆ ಪೆಟ್ಟು ಬಿದ್ದರೆ ಸೀಳುತ್ತೆ.

ಹಾಲ್‌ಮಾರ್ಕ್ ಇದೆಯಲ್ಲ ಅಂತ ಹಿಂದಿನಿಂದ ಯಾರೋ ಅಂದರು. ಅದು ಚಿನ್ನಕ್ಕೆ. ಆರು ಅಕ್ಷರ-ಅಂಕಿಗಳ ಆ ಗುರುತನ್ನ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಚಿನ್ನದ ಶುದ್ಧತೆ ಗೊತ್ತಾಗುತ್ತೆ. ಮೇಲೆ ಕೂತ ಕಲ್ಲಿನ ಬಗ್ಗೆ ಅದು ಏನೂ ಹೇಳಲ್ಲ.

ಕೊಳ್ಳೋದು ಅಂತ ತೀರ್ಮಾನ ಮಾಡಿದರೆ, ಕಲ್ಲು ಕೈಗೆ ಬಂದ ಮೇಲೆ ವಾಪಸ್ ಕೊಡೋಕೆ ಎಷ್ಟು ದಿನ ಇದೆ ಅಂತ ಮೊದಲೇ ನೋಡಿ. ಆ ದಿನಗಳೊಳಗೆ ಬೇರೆಯವರ ಹತ್ತಿರ, ಅಂದ್ರೆ ಮಾರಿದವನಿಗೆ ಸಂಬಂಧ ಇಲ್ಲದವರ ಹತ್ತಿರ, ಕಲ್ಲಿನ ಸೊಂಟದಲ್ಲಿ, ಅಂದ್ರೆ ಅದರ ಅತಿ ಅಗಲದ ಅಂಚಿನಲ್ಲಿ, ಲೇಸರ್‌ನಿಂದ ಕೆತ್ತಿದ ವರದಿ ಸಂಖ್ಯೆ ಓದಿಸಿ. ಇರುವೆ ಸಾಲಿನ ಹಾಗೆ ಕಾಣುತ್ತೆ. ಸಂಖ್ಯೆ ಹೊಂದಿದರೂ ಅಳತೆ ಹೊಂದಬೇಕು, ಯಾಕಂದ್ರೆ ಗಣಿ ವಜ್ರದ ಸಂಖ್ಯೆಯನ್ನ ಲ್ಯಾಬ್ ವಜ್ರದ ಮೇಲೆ ಕೆತ್ತಿದ್ದನ್ನ ದರ್ಜೆ ಕೊಡೋ ಲ್ಯಾಬ್‌ಗಳೇ ಹಿಡಿದು ಪ್ರಕಟಿಸಿವೆ. ದೊಡ್ಡ ಮೊತ್ತ ಆದರೆ ಲ್ಯಾಬ್‌ಗೇ ಮತ್ತೆ ಕಳಿಸಿ. ಬಿಲ್ಲಿನಲ್ಲಿ ವರದಿ ಸಂಖ್ಯೆ ಮತ್ತು ನ್ಯಾಚುರಲ್ ಅಥವಾ ಲ್ಯಾಬ್ ಗ್ರೋನ್ ಅನ್ನೋ ಪದ ಬರೆಸಿಕೊಳ್ಳಿ. ಜಿಎಸ್‌ಟಿ ಉಳಿಸ್ತೀನಿ, ಬಿಲ್ ಬೇಡ ಅಂತ ಮಾರುವವನು ಅಂದರೆ ಒಪ್ಪಬೇಡಿ. ಆ ಮೂರು ಪರ್ಸೆಂಟ್ ಉಳಿಸೋಕೆ ಹೋಗಿ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡುವಾಗ ತೋರಿಸೋಕೆ ಒಂದು ಚೀಟಿಯೂ ಇರಲ್ಲ.

ಅಕ್ಕನ ಮಗನ ಕಥೆ ಅರ್ಧಕ್ಕೆ ಬಿಟ್ಟೆ ಅಲ್ವಾ. ಆ 41 ಸಾವಿರದ್ದನ್ನ ಅವನು ಕೊಂಡ. ಲ್ಯಾಬ್ ವಜ್ರ ಅಂತ ಗೊತ್ತಿದ್ದೇ, ಹುಡುಗಿಗೂ ಹೇಳಿಯೇ ಕೊಂಡ. ಇನ್ನು ಹತ್ತು ವರ್ಷಕ್ಕೆ ಮಾರೋಕೆ ಹೋದರೆ ಏನೂ ಬರಲ್ಲ ಅಂತಲೂ ಹೇಳಿದ್ದೀನಿ. "ನಿಶ್ಚಿತಾರ್ಥದ ಉಂಗುರ ಯಾರು ಮಾರ್ತಾರೆ ಮಾಮ" ಅಂದ. ನಾನು ಸುಮ್ಮನಾದೆ.

ಆದರೆ ಅವನ ಫೋನಿನಲ್ಲಿ ಇನ್ನೊಂದು ಇತ್ತು. ಒಂದು ಕ್ಯಾರೆಟ್, "ನ್ಯಾಚುರಲ್" ಅಂತ ದೊಡ್ಡದಾಗಿಯೇ ಬರೆದಿತ್ತು, ಬೆಲೆ ಬೇರೆ ಕಡೆಗಿಂತ ಅರ್ಧ. ಅದನ್ನ ಅವರಮ್ಮ, ಅಂದ್ರೆ ನಮ್ಮಕ್ಕ, ತನಗೆ ಅಂತ ಆರಿಸಿಟ್ಟಿದ್ದಳು. ನಾನು ಅವನ ಕೈಲಿ ಮಾರುವವನಿಗೆ ಒಂದೇ ಮೆಸೇಜ್ ಹಾಕಿಸಿದೆ: ವರದಿ ಸಂಖ್ಯೆ ಕಳಿಸಿ, ಬಿಲ್ಲಿನಲ್ಲೂ ಅದನ್ನೇ ಬರೆದುಕೊಡಿ. ಅಲ್ಲಿಯತನಕ ಗಂಟೆಗೊಂದು ಗುಡ್ ಮಾರ್ನಿಂಗ್, ಗುಡ್ ಈವ್ನಿಂಗ್ ಬರ್ತಿತ್ತು. ಎರಡು ನೀಲಿ ಗೆರೆ ಬಿದ್ದವು. ಟೈಪಿಂಗ್ ಅಂತ ತೋರಿಸಿತು, ನಿಂತಿತು, ಮತ್ತೆ ತೋರಿಸಿತು. ನಮ್ಮಕ್ಕ ಅದನ್ನೇ ನೋಡ್ತಾ ಕೂತಿದ್ದಳು, ಕಾಫಿ ಆರಿಹೋಯಿತು.